ನಮ್ಮ ಕಾಲೇಜಿಗೆ ಕಾರ್ನೋಟಾರಸ್ ಬಂದ ಹದಿನಾಲ್ಕು ತಿಂಗಳು

ಹೋದ ಸೋಮವಾರ ನಮ್ಮ ಕಾಲೇಜಿನ ಮ್ಯೂಸಿಯಂನಲ್ಲಿ ಕಾರ್ನೋಟಾರಸ್ ಅನ್ನೋ ಡೈನೋಸಾರಿನ ಅಸ್ಥಿಪಂಜರ ಎದ್ದು ನಿಂತಿತು. ಮೂತಿಯಿಂದ ಬಾಲದ ತುದಿಗೆ ಹೆಚ್ಚುಕಡಿಮೆ 8 ಮೀಟರ್. ತರಿಸೋಣ ಅಂತ ತೀರ್ಮಾನ ಆದ ದಿನದಿಂದ ಲೆಕ್ಕ ಹಾಕಿದರೆ ಹದಿನಾಲ್ಕು ತಿಂಗಳು. ಅಸ್ಥಿಪಂಜರ ಜೋಡಿಸಿದ್ದು ಅದರಲ್ಲಿ ಒಂಬತ್ತೇ ದಿನ. ಉಳಿದ ಕಾಲವೆಲ್ಲ ಕಾಗದಪತ್ರಕ್ಕೆ, ಫೋನಿಗೆ, ಕಾಯುವುದಕ್ಕೆ ಹೋಯಿತು.

ಈ ಒಂದು ವಾರದಲ್ಲೇ ಬೇರೆ ಎರಡು ಕಾಲೇಜಿನವರು ಫೋನ್ ಮಾಡಿ, "ಹೇಗೆ ತರಿಸಿದ್ರಿ ಮೇಡಂ, ಎಲ್ಲಿಂದ ಶುರು ಮಾಡಬೇಕು?" ಅಂತ ಕೇಳಿದರು. ನಾನು ಶುರು ಮಾಡಿದಾಗ ಹೀಗೆ ಕೇಳೋಕೆ ಯಾರೂ ಸಿಕ್ಕಿರಲಿಲ್ಲ. ಮರೆಯುವ ಮುಂಚೆ ಎಲ್ಲವನ್ನೂ ಬರೆದಿಡುತ್ತಿದ್ದೇನೆ.

ಮೊದಲ ಜಗಳ ಯಾವ ಪ್ರಾಣಿ ಅನ್ನೋದಕ್ಕೇ. ಆಡಳಿತ ಮಂಡಳಿಯವರಿಗೆ ಟಿ. ರೆಕ್ಸ್ ಬೇಕಿತ್ತು. ಮಕ್ಕಳಿಗೆ ಗೊತ್ತಿರೋ ಹೆಸರು, ಜನ ಬರುತ್ತಾರೆ ಅನ್ನೋದು ಅವರ ವಾದ. ಅದು ತಪ್ಪೇನಲ್ಲ. ಆದರೆ ಟಿ. ರೆಕ್ಸ್ ಉತ್ತರ ಅಮೆರಿಕದ ಪ್ರಾಣಿ. ನಮ್ಮ ನೆಲದ ಮೇಲೆ ಅದು ಯಾವತ್ತೂ ಓಡಾಡಿಲ್ಲ. ನಮ್ಮಲ್ಲಿ ಇದ್ದದ್ದು ರಾಜಾಸಾರಸ್. ಗುಜರಾತಿನ ರಹಿಯೋಲಿ ಹತ್ತಿರ 1980ರ ದಶಕದ ಆರಂಭದಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಅದರ ಮೂಳೆ ಸಂಗ್ರಹಿಸಿದರು. 2003ರಲ್ಲಿ ಅದಕ್ಕೆ ರಾಜಾಸಾರಸ್ ನರ್ಮದೆನ್ಸಿಸ್ ಅಂತ ಹೆಸರಾಯಿತು. ನಾನು ಅದನ್ನೇ ತರಬೇಕು ಅಂತಿದ್ದೆ. ತೊಂದರೆ ಏನೆಂದರೆ ಅದರ ಪೂರ್ತಿ ಅಸ್ಥಿಪಂಜರ ಸಿಕ್ಕಿಲ್ಲ. ತಲೆಬುರುಡೆಯ ಹಿಂಭಾಗ, ಸೊಂಟ, ಹಿಂಗಾಲು, ಬೆನ್ನು ಮತ್ತು ಬಾಲದ ಕೆಲವು ಮಣಿಗಳು, ಅಷ್ಟೇ.

ಅದರ ಹತ್ತಿರದ ನೆಂಟ ಕಾರ್ನೋಟಾರಸ್. 1984ರಲ್ಲಿ ಅರ್ಜೆಂಟೀನಾದ ಚುಬುಟ್ ಪ್ರಾಂತ್ಯದಲ್ಲಿ ಹೋಸೆ ಬೋನಪಾರ್ಟೆ ಅವರ ತಂಡಕ್ಕೆ ಸಿಕ್ಕಿತು. ಮರುವರ್ಷ ಹೆಸರಿಟ್ಟರು. ಮಾಂಸ ತಿನ್ನುವ ಗೂಳಿ ಅಂತ ಅರ್ಥ, ಕಣ್ಣಿನ ಮೇಲೆ ಎರಡು ಕೊಂಬು ಇರೋದಕ್ಕೆ. ಇವತ್ತಿಗೂ ಅದರ ಒಂದೇ ಒಂದು ಅಸ್ಥಿಪಂಜರ ಇರೋದು, ಆದರೆ ಅದು ಬಹುಪಾಲು ಪೂರ್ತಿಯಾಗಿದೆ. ಭಾರತ, ದಕ್ಷಿಣ ಅಮೆರಿಕ ಎಲ್ಲ ಸೇರಿ ಗೊಂಡ್ವಾನ ಅನ್ನೋ ಒಂದೇ ಭೂಖಂಡ ಆಗಿದ್ದ ಕಾಲದ ವಂಶ ಇವೆರಡರದ್ದೂ. ಇದನ್ನ ಒಂದು ಭೂಪಟ ಇಟ್ಟುಕೊಂಡು ಸಭೆಯಲ್ಲಿ ಹೇಳಿದೆ. "ನೀವು ಟಿ. ರೆಕ್ಸ್ ಇಟ್ಟರೆ ಅಮೆರಿಕದ ಕಥೆ ಹೇಳಬೇಕು ಸರ್, ಇದನ್ನ ಇಟ್ಟರೆ ನಮ್ಮ ಕಥೆ ಹೇಳಬಹುದು" ಅಂದೆ. ಎರಡು ಸಭೆ ಬೇಕಾಯಿತು, ಒಪ್ಪಿದರು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ನಾವು ತರಿಸಿದ್ದು ಮೂಳೆ ಅಲ್ಲ, ಎರಕ. ಮೂಲ ಬ್ಯೂನಸ್ ಐರಿಸ್‌ನ ಮ್ಯೂಸಿಯಂನಲ್ಲೇ ಇದೆ. ಮೂಳೆಗಳ ಮೇಲೆ ಸಿಲಿಕೋನ್ ರಬ್ಬರಿನಿಂದ ಅಚ್ಚು ತೆಗೆದು, ಆ ಅಚ್ಚಿನಲ್ಲಿ ರೆಸಿನ್ ಮತ್ತು ಫೈಬರ್‌ಗ್ಲಾಸ್ ತುಂಬಿ, ಬಣ್ಣ ಬಳಿದು ಮಾಡುತ್ತಾರೆ. ಪ್ರಪಂಚದ ಎಷ್ಟೋ ದೊಡ್ಡ ಮ್ಯೂಸಿಯಂಗಳಲ್ಲಿ ನಿಂತಿರೋದೂ ಇಂಥ ಎರಕಗಳೇ. ನಿಜವಾದ ಮೂಳೆ ನೋಡಬೇಕು ಅಂದರೆ ಕೋಲ್ಕತ್ತದ ಭಾರತೀಯ ಸಾಂಖ್ಯಿಕ ಸಂಸ್ಥೆಯಲ್ಲಿರುವ ಬಾರಾಪಾಸಾರಸ್, ಹೈದರಾಬಾದಿನ ಬಿರ್ಲಾ ವಿಜ್ಞಾನ ಕೇಂದ್ರದಲ್ಲಿರುವ ಕೋಟಾಸಾರಸ್ ನೋಡಿ ಬನ್ನಿ. ಎರಡೂ ಸಸ್ಯಾಹಾರಿಗಳು. ಆರ್ಡರ್ ಹಾಕುವ ಮುಂಚೆ ಎರಡನ್ನೂ ಹೋಗಿ ನೋಡಿದ್ದೆ. ಕಬ್ಬಿಣದ ಆಧಾರ ಎಲ್ಲೆಲ್ಲಿ ಕೊಟ್ಟಿದ್ದಾರೆ, ಬೆಳಕು ಎಲ್ಲಿಂದ ಬೀಳುತ್ತೆ, ಜನ ಎಲ್ಲಿ ನಿಲ್ಲುತ್ತಾರೆ ಅಂತ ಬರೆದುಕೊಂಡು ಬಂದೆ. ಆ ಎರಡು ಪ್ರಯಾಣದ ಖರ್ಚು ಒಂದು ರೂಪಾಯಿಯೂ ದಂಡ ಆಗಲಿಲ್ಲ.

ವಿದೇಶದ ಒಂದು ಎರಕದ ವರ್ಕ್‌ಶಾಪ್‌ನಿಂದ ಕೊಟೇಶನ್ ಬಂತು. ಅರ್ಧ ಹಣ ಮುಂಗಡ, ಉಳಿದರ್ಧ ಹಡಗಿಗೆ ಹಾಕುವ ಮುಂಚೆ. ಮುಂಗಡ ಕಳಿಸೋಕೆ ಬ್ಯಾಂಕಿಗೆ ಹೋದಾಗ ಮೊದಲ ಪೆಟ್ಟು ಬಿತ್ತು. ಹೊರದೇಶದಿಂದ ಸಾಮಾನು ತರಿಸೋಕೆ ಐಇಸಿ ಅನ್ನೋ ಸಂಖ್ಯೆ ಬೇಕು. ನಮ್ಮ ಸಂಸ್ಥೆ ಯಾವಾಗಲೋ ಮೈಕ್ರೋಸ್ಕೋಪ್ ತರಿಸಿದ್ದರಿಂದ ಅದು ನಮ್ಮ ಹತ್ತಿರ ಇತ್ತು. ಆದರೆ ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಆನ್‌ಲೈನ್‌ನಲ್ಲಿ ಅದನ್ನ ಅಪ್‌ಡೇಟ್ ಮಾಡಬೇಕು. ಏನೂ ಬದಲಾವಣೆ ಇಲ್ಲದಿದ್ದರೂ 'ಇಲ್ಲ' ಅಂತ ಖಚಿತಪಡಿಸಬೇಕು. ನಾವು ಮಾಡಿರಲಿಲ್ಲ, ಅದು ನಿಷ್ಕ್ರಿಯ ಆಗಿತ್ತು. ಸರಿಪಡಿಸೋದು ಕಷ್ಟ ಅಲ್ಲ. ಆದರೆ ಅದಕ್ಕೆ ಜೋಡಿಸಿದ್ದ ಮೊಬೈಲ್ ನಂಬರ್ ನಿವೃತ್ತರಾದ ಗುಮಾಸ್ತರೊಬ್ಬರದ್ದು. ಓಟಿಪಿ ಅವರಿಗೆ ಹೋಗುತ್ತಿತ್ತು. ಅವರನ್ನ ಹುಡುಕಿ, ನಂಬರ್ ಬದಲಿಸಿ, ಬ್ಯಾಂಕಿಗೆ ವಾಪಸ್ ಹೋಗುವಷ್ಟರಲ್ಲಿ ಮೂರು ವಾರ. ನೀವು ಇವತ್ತೇ ನಿಮ್ಮ ಐಇಸಿ ಸ್ಥಿತಿ ನೋಡಿಕೊಳ್ಳಿ. ಪ್ರಾಣಿ ಯಾವುದು ಅಂತ ಆಮೇಲೆ ತೀರ್ಮಾನ ಮಾಡಿದರೂ ನಡೆಯುತ್ತೆ.

ಬ್ಯಾಂಕಿನಲ್ಲೇ ಮೊದಲ ಸಲ ಆ ಪ್ರಶ್ನೆ ಬಂದದ್ದು. ಇನ್‌ವಾಯ್ಸ್‌ನಲ್ಲಿ 'ಡೈನೋಸಾರ್ ಸ್ಕೆಲಿಟನ್, ಒಂದು' ಅಂತ ಇತ್ತು. ಅಧಿಕಾರಿ ಅದನ್ನ ಓದಿ, ಕನ್ನಡಕ ತೆಗೆದು, "ಇದು ನಿಜವಾದ ಮೂಳೆನಾ ಮೇಡಂ?" ಅಂದರು. ಅಲ್ಲ ಸರ್, ರೆಸಿನ್ ಅಂದೆ. ಅವರು ಸಹಿ ಹಾಕಿದರು. ಆಗಲೇ ಆ ಇನ್‌ವಾಯ್ಸ್ ತಿದ್ದಿಸಬೇಕು ಅಂತ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಅದಕ್ಕೆ ಮುಂದೆ ಇಪ್ಪತ್ತಮೂರು ದಿನ ತೆತ್ತೆವು.

ಎರಕ ತಯಾರಾಗೋಕೆ ಐದು ತಿಂಗಳು ಹಿಡಿಯಿತು. ಅದು ನ್ಯಾಯವಾದ ಸಮಯ. ವಾರಕ್ಕೊಮ್ಮೆ ಫೋಟೋ ಬರುತ್ತಿತ್ತು, ಒಂದು ವಾರ ಪಕ್ಕೆಲುಬು, ಒಂದು ವಾರ ದವಡೆ. ಆ ಫೋಟೋಗಳನ್ನೆಲ್ಲ ತೆಗೆದಿಟ್ಟುಕೊಂಡಿದ್ದೆ, ಖುಷಿಗೆ. ಮುಂದೆ ಅವೇ ನಮ್ಮನ್ನ ಕಾಪಾಡಿದವು. ಈ ನಡುವೆ ಡಾಲರ್ ಬೆಲೆ ಏರಿತು. ಎರಡನೇ ಕಂತು ಕಟ್ಟುವಾಗ ನಮ್ಮ ಬಜೆಟ್ ಸಾಲಲಿಲ್ಲ. ಮತ್ತೆ ಮಂಡಳಿಯ ಮುಂದೆ ಕೈಕಟ್ಟಿ ನಿಲ್ಲಬೇಕಾಯಿತು. ಅಂದಾಜು ಪಟ್ಟಿಯಲ್ಲಿ ನೂರಕ್ಕೆ ಹತ್ತು ಭಾಗ ಜಾಸ್ತಿ ಇಟ್ಟುಕೊಳ್ಳಿ. ವಿಮೆ ಬಂದರಿನವರೆಗೆ ಮಾತ್ರನಾ, ನಿಮ್ಮ ಹಾಲ್‌ವರೆಗಾ ಅನ್ನೋದನ್ನೂ ಕೇಳಿ. ನಮ್ಮದು ಬಂದರಿನವರೆಗೆ ಮಾತ್ರ ಇತ್ತು. ಲಾರಿಗೆ ಬೇರೆ ವಿಮೆ ಮಾಡಿಸಿದೆವು.

ಕಂಟೇನರ್ ಡಿಪೋಗೆ ಬಂದ ದಿನ ನಾನು ಸ್ವೀಟ್ ಹಂಚಿದ್ದೆ. ಮೂರನೇ ದಿನ, ಕಸ್ಟಮ್ಸ್‌ನಿಂದ ಸಾಮಾನು ಬಿಡಿಸಿಕೊಡುವ ಕ್ಲಿಯರಿಂಗ್ ಏಜೆಂಟ್ ಫೋನ್ ಮಾಡಿದರು. "ಮೇಡಂ, ಕಸ್ಟಮ್ಸ್‌ನವರು ಹೋಲ್ಡ್ ಮಾಡಿದ್ದಾರೆ. ಸ್ಕೆಲಿಟನ್ ಅಂತ ಇದೆಯಲ್ಲ, ಪ್ರಾಣಿಯ ಮೂಳೆ ಇರಬಹುದು, ವನ್ಯಜೀವಿಯವರ ಎನ್‌ಓಸಿ ತನ್ನಿ ಅಂತಿದ್ದಾರೆ."

ಅಧಿಕಾರಿಗಳ ಮೇಲೆ ನನಗೆ ಸಿಟ್ಟಿಲ್ಲ. ಪ್ರಾಣಿಯ ಮೂಳೆ, ದಂತ, ಚರ್ಮ ಕದ್ದು ಸಾಗಿಸುವವರನ್ನ ಹಿಡಿಯೋದು ಅವರ ಕೆಲಸ. ಕಾಗದದಲ್ಲಿ ಮೂಳೆ ಅಂತ ಬರೆದವರು ನಾವು. ಆದರೆ ಆ ದಿನಗಳಲ್ಲಿ ನಿದ್ದೆ ಬರುತ್ತಿರಲಿಲ್ಲ. ಯಾಕಂದರೆ ಡಿಪೋದಲ್ಲಿ ಜಾಗಕ್ಕೆ ದಿನದ ಬಾಡಿಗೆ ಒಂದು, ಕಂಟೇನರ್ ವಾಪಸ್ ಕೊಡದಿದ್ದಕ್ಕೆ ಹಡಗಿನ ಕಂಪನಿಯ ಚಾರ್ಜ್ ಇನ್ನೊಂದು. ಇವೆರಡೂ ಬೇರೆ ಬೇರೆ, ಎರಡೂ ದಿನ ಕಳೆದಂತೆ ಏರುತ್ತವೆ. ಮೊದಲ ಕೆಲವು ದಿನ ಉಚಿತ ಇರುತ್ತೆ. ಎಷ್ಟು ದಿನ ಅಂತ ಮೊದಲೇ ಬರಹದಲ್ಲಿ ತೆಗೆದುಕೊಳ್ಳಿ, ಜಾಸ್ತಿ ದಿನ ಕೇಳಿ, ಕೇಳಿದರೆ ಕೊಡುತ್ತಾರೆ.

ಜೊತೆಗೆ ಇನ್ನೊಂದು ತಕರಾರು ಸೇರಿಕೊಂಡಿತು. ಸುಂಕದ ಪಟ್ಟಿಯಲ್ಲಿ ಇದು ಯಾವ ಸಾಲಿಗೆ ಸೇರುತ್ತೆ? ಏಜೆಂಟ್ 9705 ಅಂತ ಹಾಕಿದ್ದರು. ಅದು ಪುರಾತನ ಜೀವಿಗಳ ಸಂಗ್ರಹದ ವಸ್ತುಗಳಿಗೆ. ಆದರೆ ನಾವೇ ಇದು ನಿಜವಾದ ಪಳೆಯುಳಿಕೆ ಅಲ್ಲ ಅಂತ ಹೇಳುತ್ತಿದ್ದೇವೆ. ಹಾಗಿದ್ದಮೇಲೆ ಆ ಸಾಲು ಹೇಗೆ ಅನ್ವಯಿಸುತ್ತೆ? ಪ್ಲಾಸ್ಟಿಕ್ ಸಾಮಾನು ಅಂತ ಮಾಡೋಣ ಅಂತ ಒಬ್ಬರು. ಕೊನೆಗೆ 9023 ಅಂತ ಆಯಿತು. ಪಾಠಕ್ಕೆ, ಪ್ರದರ್ಶನಕ್ಕೆ ಅಂತಲೇ ಮಾಡಿದ, ಬೇರೆ ಯಾವ ಉಪಯೋಗಕ್ಕೂ ಬಾರದ ಮಾದರಿಗಳ ಸಾಲು ಅದು. ನಿಮ್ಮದು ಎರಕ ಆಗಿದ್ದರೆ ಮೊದಲ ದಿನವೇ ಏಜೆಂಟ್ ಜೊತೆ ಕೂತು ಇದನ್ನ ಮಾತಾಡಿಕೊಳ್ಳಿ.

ಹೋಲ್ಡ್ ತೆರವಾಗಿದ್ದು ಹೀಗೆ. ಎರಕ ಮಾಡಿದವರಿಂದ ಒಂದು ಪತ್ರ ತರಿಸಿದೆ, ಇದರಲ್ಲಿ ಏನೇನು ವಸ್ತು ಇದೆ, ಯಾವ ಪ್ರಾಣಿಯ ಮೂಳೆಯೂ ಇಲ್ಲ ಅಂತ. ವಾರವಾರ ಬಂದಿದ್ದ ಆ ಫೋಟೋಗಳನ್ನೆಲ್ಲ ದಿನಾಂಕದ ಸಮೇತ ಪ್ರಿಂಟ್ ತೆಗೆಸಿದೆ. ಭೂವಿಜ್ಞಾನದ ಪ್ರಾಧ್ಯಾಪಕರೊಬ್ಬರು ಪ್ರಮಾಣಪತ್ರ ಕೊಟ್ಟರು. ಇಷ್ಟಾದರೂ ಅಧಿಕಾರಿಗೆ ಸಮಾಧಾನ ಆಗಲಿಲ್ಲ. ಕಣ್ಣಾರೆ ನೋಡಬೇಕು ಅಂದರು. ಒಂದು ಪೆಟ್ಟಿಗೆ ಬಿಚ್ಚಿಸಿದೆವು. ಮೇಲೇ ಪಕ್ಕೆಲುಬುಗಳಿದ್ದವು, ಸ್ಪಂಜಿನಲ್ಲಿ ಸುತ್ತಿದ್ದವು. ಒಂದನ್ನ ತೆಗೆದು ಅವರ ಕೈಗೆ ಕೊಟ್ಟೆ. ಹಿಡಿದ ಕೂಡಲೇ ಅವರ ಮುಖ ಬದಲಾಯಿತು. ಅಷ್ಟು ದೊಡ್ಡ ಪಕ್ಕೆಲುಬು, ಕಂದು ಬಣ್ಣ, ಮೇಲೆ ಸಣ್ಣ ಸಣ್ಣ ಬಿರುಕಿನ ಗೆರೆ. ನೋಡಿದರೆ ಕಲ್ಲಿನಷ್ಟು ಭಾರ ಇರಬೇಕು ಅನ್ನಿಸುತ್ತೆ. ಎತ್ತಿದರೆ ಹಗುರ. "ಕೆರೆದು ನೋಡಬಹುದಾ?" ಅಂದರು. ನನಗೆ ಹೊಟ್ಟೆಯಲ್ಲಿ ಸಂಕಟ ಆಯಿತು, ಆದರೂ ಹೂಂ ಅಂದೆ. ಬೀಗದ ಕೈ ತುದಿಯಿಂದ ಒಂದು ಬೆರಳಿನ ಅಗಲ ಕೆರೆದರು. ಕಂದು ಬಣ್ಣ ಕಿತ್ತುಬಂದು ಒಳಗೆ ಬಿಳಿ ರೆಸಿನ್ ಕಾಣಿಸಿತು, ಅದರಲ್ಲಿ ಫೈಬರ್‌ಗ್ಲಾಸಿನ ಎಳೆ. ಅವರೇ ಫೋಟೋ ತೆಗೆದು ಫೈಲಿಗೆ ಹಾಕಿದರು. ಮೂರು ದಿನದಲ್ಲಿ ಕ್ಲಿಯರ್ ಆಯಿತು.

ಹಾಗಾಗಿ ಇನ್‌ವಾಯ್ಸ್‌ನಲ್ಲಿ, ಪ್ಯಾಕಿಂಗ್ ಲಿಸ್ಟಿನಲ್ಲಿ, ಪ್ರತಿ ಪೆಟ್ಟಿಗೆಯ ಮೇಲೂ ಒಂದೇ ಮಾತು ಬರೆಸಿ: ರೆಸಿನ್ ಮತ್ತು ಫೈಬರ್‌ಗ್ಲಾಸಿನಿಂದ ಮಾಡಿದ ಪಳೆಯುಳಿಕೆಯ ಪ್ರತಿಕೃತಿ, ಪ್ರಾಣಿಯ ಮೂಳೆ ಇಲ್ಲ, ಶೈಕ್ಷಣಿಕ ಪ್ರದರ್ಶನಕ್ಕೆ, ಮಾರಾಟಕ್ಕಲ್ಲ. ಎಲ್ಲ ಕಡೆ ಅಕ್ಷರ ಅಕ್ಷರ ಒಂದೇ ಇರಲಿ. ಮರದ ಪೆಟ್ಟಿಗೆಗಳ ಮೇಲೆ ಗೋಧಿ ತೆನೆಯ ಚಿತ್ರ ಮತ್ತು 'ಎಚ್‌ಟಿ' ಅನ್ನೋ ಮುದ್ರೆ ಇದೆಯಾ ಅಂತ ಹೊರಡುವ ಮುಂಚೆಯೇ ಫೋಟೋದಲ್ಲಿ ನೋಡಿ. ಮರಕ್ಕೆ ಬಿಸಿ ಕೊಟ್ಟು ಹುಳ ಸಾಯಿಸಿದ್ದಾರೆ ಅನ್ನೋ ಗುರುತು ಅದು. ಅದು ಇಲ್ಲದಿದ್ದರೆ ಇನ್ನೊಂದು ತಡೆ. ನಮ್ಮದರಲ್ಲಿ ಇತ್ತು, ಪುಣ್ಯ.

ಲಾರಿ ನಮ್ಮೂರಿಗೆ ಬಂದಾಗ ರಾತ್ರಿ ಹತ್ತೂವರೆ, ಜಡಿಮಳೆ. ಹನ್ನೊಂದು ಪೆಟ್ಟಿಗೆ. ಹತ್ತು ಒಳಗೆ ಹೋದವು. ಸೊಂಟದ ಪೆಟ್ಟಿಗೆ ಬಾಗಿಲಿಗಿಂತ ಮೂರು ಇಂಚು ಅಗಲ. ಬಾಗಿಲಿನ ಅಳತೆ ನಾನೇ ಕಳಿಸಿದ್ದೆ. ಗೋಡೆಯಿಂದ ಗೋಡೆಗೆ ಅಳೆದಿದ್ದೆ, ಚೌಕಟ್ಟು ಬಿಟ್ಟಿದ್ದೆ. ಹಮಾಲರು ತಾಡಪಾಲು ಹಿಡಿದು ನಿಂತರು, ವಾಚ್‌ಮನ್ ಹೋಗಿ ಗಾರೆ ಮೇಸ್ತ್ರಿಯನ್ನ ಎಬ್ಬಿಸಿಕೊಂಡು ಬಂದರು. ಚೌಕಟ್ಟು ಕಿತ್ತು ಪೆಟ್ಟಿಗೆ ಒಳಗೆ ತಂದಾಗ ಬೆಳಗಿನ ಜಾವ ಎರಡು ಗಂಟೆ. ಯಾರೂ ಒಂದು ಮಾತು ಅನ್ನಲಿಲ್ಲ. ಅವರ ಋಣ ನನ್ನ ಮೇಲಿದೆ.

ನೆಲ ಈ ಭಾರ ತಡೆಯುತ್ತಾ ಅಂತ ಸಿವಿಲ್ ಎಂಜಿನಿಯರ್ ಹತ್ತಿರ ಮೊದಲೇ ಬರೆಸಿಕೊಂಡಿದ್ದೆವು. ಒಟ್ಟು ತೂಕಕ್ಕಿಂತ ಮುಖ್ಯವಾದದ್ದು, ಎಲ್ಲ ಭಾರ ಎರಡು ಕಾಲಿನ ಜಾಗದಲ್ಲಿ ಬೀಳುತ್ತೆ ಅನ್ನೋದು. ಅಲ್ಲಿ ದಪ್ಪ ಉಕ್ಕಿನ ತಟ್ಟೆ ಹಾಕಿ ಬೋಲ್ಟ್ ಕೊಟ್ಟೆವು.

ಜೋಡಿಸೋದು ಸೊಂಟದಿಂದ ಶುರು. ಮೊದಲು ಹಿಂಗಾಲು ಮತ್ತು ಸೊಂಟ, ಆಮೇಲೆ ಬೆನ್ನು, ಬಾಲ, ಕುತ್ತಿಗೆ, ಪಕ್ಕೆಲುಬು, ಕೈ, ಕಟ್ಟಕಡೆಗೆ ತಲೆ. ಒಳಗೆ ಉಕ್ಕಿನ ಪೈಪು, ಒಂದರೊಳಗೊಂದು ಕೂರುತ್ತೆ. ಸಾರುವೆ ಕಟ್ಟಿ ಚೈನ್ ಪುಲ್ಲಿ ಹಾಕಿದೆವು. ನಮ್ಮೂರಿನ ವೆಲ್ಡಿಂಗ್ ಶಾಪಿನ ಅಣ್ಣನೊಬ್ಬರು ಒಂಬತ್ತು ದಿನವೂ ಬಂದರು. ವೆಲ್ಡಿಂಗ್ ಏನಿದ್ದರೂ ಹಾಲ್‌ನ ಹೊರಗೇ ಮಾಡಿಸಿ. ಒಂದು ಕಿಡಿ ಬಿದ್ದರೂ ರೆಸಿನ್ ಸುಡುತ್ತೆ, ಹೊಗೆ ಕಣ್ಣು ಉರಿಸುತ್ತೆ.

ಮೂರನೇ ದಿನ ಆಡಳಿತ ಮಂಡಳಿಯ ಹಿರಿಯರೊಬ್ಬರು ಬಂದು ನೋಡಿದರು. "ಇದೇನಮ್ಮ, ಬೆನ್ನು ಅಡ್ಡ ಇದೆ, ಬಾಲ ಗಾಳಿಯಲ್ಲಿದೆ? ನೆಟ್ಟಗೆ ನಿಲ್ಲಿಸಿ, ಬಾಲ ನೆಲಕ್ಕೆ ತಾಗಲಿ. ನಮ್ಮ ಕಾಲದ ಪುಸ್ತಕದಲ್ಲಿ ಹಾಗೇ ಇತ್ತು" ಅಂದರು. ಅವರು ಹೇಳಿದ್ದು ನಿಜ. ನ್ಯೂಯಾರ್ಕಿನ ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿಯಲ್ಲಿ 1915ರಲ್ಲಿ ಟಿ. ರೆಕ್ಸ್ ನಿಲ್ಲಿಸಿದ್ದೇ ಹಾಗೆ, ಬಾಲ ನೆಲಕ್ಕೆ ಎಳೆದು. ಎಷ್ಟೋ ಪುಸ್ತಕಗಳ ಚಿತ್ರಕ್ಕೆ ಅದೇ ಮೂಲ. ಆದರೆ ಅದೇ ಮ್ಯೂಸಿಯಂನವರೇ ಅದನ್ನ ಬಿಚ್ಚಿ, 1995ರಲ್ಲಿ ಬೆನ್ನು ಅಡ್ಡ ಬರುವ ಹಾಗೆ ಮತ್ತೆ ಜೋಡಿಸಿದರು. ಮೊದಲಿನ ಭಂಗಿಯಲ್ಲಿ ನಿಲ್ಲೋಕೆ ಆ ಪ್ರಾಣಿಯ ಕೀಲುಗಳು ತಪ್ಪಿಹೋಗಬೇಕಿತ್ತು.

ಬಾಯಲ್ಲಿ ಹೇಳೋ ಬದಲು ಅವರನ್ನ ಬಾಲದ ಹತ್ತಿರ ಕರೆದುಕೊಂಡು ಹೋದೆ. ಕಾರ್ನೋಟಾರಸ್ ಬಾಲದ ಮಣಿಗಳು ಬೇರೆ ಪ್ರಾಣಿಗಳ ಹಾಗಿಲ್ಲ. ಎರಡು ಪಕ್ಕದ ರೆಕ್ಕೆಗಳು ಅಡ್ಡಕ್ಕೆ ಚಾಚುವ ಬದಲು ಮೇಲಕ್ಕೆ ಎದ್ದಿರುತ್ತವೆ, ಮುಂದಿನಿಂದ ನೋಡಿದರೆ ಎರಡು ಬೆರಳು ಅಗಲಿಸಿ ಎತ್ತಿದ ಹಾಗೆ. ಪ್ರತಿ ರೆಕ್ಕೆಯ ತುದಿಯಲ್ಲಿ ಒಂದು ಕೊಕ್ಕೆ. ಅದು ಮುಂದಿನ ಮಣಿಯ ರೆಕ್ಕೆಗೆ ತಾಗಿ ಕೂರುತ್ತೆ. ಹಿಂದಿನ ದಿನವಷ್ಟೇ ಈ ಕೊಕ್ಕೆಗಳು ನಮಗೆ ಪಾಠ ಕಲಿಸಿದ್ದವು. ಎರಡು ಮಣಿಗಳ ಮೇಲಿನ ನಂಬರ್ ಪ್ಯಾಕಿಂಗಿನಲ್ಲಿ ಉಜ್ಜಿಹೋಗಿತ್ತು. ಪೈಪಿಗೆ ಯಾವ ಕ್ರಮದಲ್ಲಿ ಏರಿಸಿದರೂ ಕೂರುತ್ತಿತ್ತು. ಆದರೆ ಒಂದು ಕ್ರಮದಲ್ಲಿ ಕೊಕ್ಕೆಗಳ ನಡುವೆ ಬೆರಳು ತೂರುವಷ್ಟು ಸಂದು. ವೆಲ್ಡಿಂಗ್ ಅಣ್ಣ ಅದನ್ನ ಮೊದಲು ಕಂಡರು. "ಅದಲು ಬದಲು ಮಾಡಿ ನೋಡೋಣ ಮೇಡಂ" ಅಂದರು. ಬದಲಿಸಿದ ಕೂಡಲೇ ಟಕ್ ಅಂತ ಕೂತಿತು. ಹಿರಿಯರ ಕೈಯನ್ನ ಆ ಕೊಕ್ಕೆಯ ಮೇಲೆ ಇಡಿಸಿದೆ. "ಇದು ಬಗ್ಗುವ ಬಾಲ ಅಲ್ಲ ಸರ್. ಈ ರೆಕ್ಕೆಗಳ ಕೆಳಗಿನ ಜಾಗದಲ್ಲಿ ತೊಡೆಯನ್ನ ಹಿಂದಕ್ಕೆ ಎಳೆಯುವ ದೊಡ್ಡ ಸ್ನಾಯು ಇತ್ತು. ಜೋರಾಗಿ ಓಡೋ ಪ್ರಾಣಿ, ಆದರೆ ಥಟ್ಟನೆ ತಿರುಗೋಕೆ ಕಷ್ಟ" ಅಂದೆ. 2011ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಸಂಶೋಧಕರಾದ ಸ್ಕಾಟ್ ಪರ್ಸನ್ಸ್ ಮತ್ತು ಫಿಲಿಪ್ ಕರಿ ಹೇಳಿದ್ದು ಅದು. ಹಿರಿಯರು ಸ್ವಲ್ಪ ಹೊತ್ತು ಮಣಿಗಳನ್ನ ಮುಟ್ಟಿ ಮುಟ್ಟಿ ನೋಡಿದರು. "ಸರಿ ಹಾಗಾದರೆ" ಅಂದರು. ಮಾರನೇ ದಿನ ಮೊಮ್ಮಗನನ್ನ ಕರೆದುಕೊಂಡು ಬಂದು ಅದೇ ಕೊಕ್ಕೆ ತೋರಿಸಿದರು.

ಏಳನೇ ದಿನ ಕೈಗಳು. ಮುಂಗೈ ತೋಳಿನ ಕಾಲು ಭಾಗದಷ್ಟೇ ಉದ್ದ. ಅಷ್ಟು ದೊಡ್ಡ ದೇಹದ ಪ್ರಾಣಿಯ ಇಡೀ ಮುಂಗೈ ನನ್ನ ಅಂಗೈಯಲ್ಲಿ ಕೂತಿತ್ತು. ಒಂಬತ್ತನೇ ದಿನ ತಲೆ. ಪುಲ್ಲಿಯಲ್ಲಿ ಏರುವಾಗ ಹಾಲ್‌ನಲ್ಲಿ ಸರಪಳಿಯ ಸದ್ದು ಬಿಟ್ಟರೆ ಇನ್ನೇನೂ ಇರಲಿಲ್ಲ. ಪೈಪಿಗೆ ಪೈಪು ಕೂತಾಗ ನನಗೆ ಅಳು ಬಂತು.

ಆಮೇಲೆ ಫಲಕ. ಇದಕ್ಕೆ ಸಮಯ ಇಟ್ಟುಕೊಳ್ಳಿ, ಎಲ್ಲರೂ ಇದನ್ನ ಕೊನೆಯ ದಿನಕ್ಕೆ ಬಿಡುತ್ತಾರೆ. ಮೂಲ ಪಳೆಯುಳಿಕೆಯಲ್ಲಿ ಬಾಲದ ಬಹುಪಾಲು ಇಲ್ಲ, ಮೊಣಕಾಲಿನ ಕೆಳಗಿನ ಮೂಳೆ ಮತ್ತು ಪಾದವೂ ಬಹಳಷ್ಟು ಇಲ್ಲ. ಆ ಭಾಗಗಳನ್ನ ನೆಂಟ ಪ್ರಾಣಿಗಳನ್ನ ನೋಡಿ ಕಲಾವಿದರು ಮಾಡಿದ್ದು. ಅದನ್ನ ಮುಚ್ಚಿಡಬಾರದು ಅಂತ ನಾನು ಹಟ ಹಿಡಿದೆ. ಫಲಕದ ಚಿತ್ರದಲ್ಲಿ ಸಿಕ್ಕ ಮೂಳೆಗೆ ಒಂದು ಬಣ್ಣ, ಊಹಿಸಿ ಮಾಡಿದ್ದಕ್ಕೆ ಇನ್ನೊಂದು ಬಣ್ಣ. ಜನ ಬರೋದು ಕಡಿಮೆ ಆಗುತ್ತೆ ಅಂತ ಕೆಲವರಿಗೆ ಭಯ ಇತ್ತು. ಹಾಗೇನೂ ಆಗಿಲ್ಲ. ಆ ಚಿತ್ರದ ಮುಂದೆಯೇ ಮಕ್ಕಳು ಜಾಸ್ತಿ ಹೊತ್ತು ನಿಲ್ಲುತ್ತಾರೆ, ಚಿತ್ರ ನೋಡಿ ತಲೆ ಎತ್ತಿ ಮೂಳೆ ಎಣಿಸುತ್ತಾರೆ. ಪಕ್ಕದಲ್ಲಿ ರಾಜಾಸಾರಸ್ ಕಥೆ ಇಟ್ಟಿದ್ದೇವೆ, ಅದರ ಮೂಳೆ ಸಿಕ್ಕ ಪದರದ ಮೇಲೆ ಹರಿದ ಲಾವಾದ ಒಂದು ತುಂಡಿನ ಜೊತೆ. ಆ ತುಂಡು ಬೆಳಗಾವಿ ಕಡೆಯದು. ಅಲ್ಲಿನ ಕರಿಕಲ್ಲು ಅದೇ ದಖ್ಖನ್ ಲಾವಾ.

ಹಣ ಕಳಿಸಿದ ಬ್ಯಾಂಕಿಗೆ ಬಿಲ್ ಆಫ್ ಎಂಟ್ರಿ ಕೊಡೋದನ್ನ ಮರೆಯಬೇಡಿ. ಸಾಮಾನು ಬಂತು ಅನ್ನೋ ಪುರಾವೆ ಅದು. ಕೊಡದಿದ್ದರೆ ಲೆಕ್ಕ ಬಾಕಿ ಅಂತಲೇ ಇರುತ್ತೆ, ಮುಂದಿನ ಸಲ ಹಣ ಕಳಿಸುವಾಗ ತೊಂದರೆ ಆಗಬಹುದು. ನಾನು ನಿನ್ನೆ ಕೊಟ್ಟು ಬಂದೆ.

ಆ ಕೆರೆದ ಪಕ್ಕೆಲುಬಿಗೆ ಬಣ್ಣ ಹಚ್ಚಿಸಲಿಲ್ಲ. ಎರಕದವರು ಅದರ ಬದಲು ಇನ್ನೊಂದು ಕಳಿಸಿದರು, ಅದು ಎದೆಗೂಡಿನಲ್ಲಿದೆ. ಹಳೆಯದನ್ನ ಮಕ್ಕಳ ಕೈಗೆ ಎಟುಕುವ ಎತ್ತರದ ಮೇಜಿನ ಮೇಲೆ ಇಟ್ಟಿದ್ದೇವೆ. ಈ ಒಂದು ವಾರದಲ್ಲಿ "ಇದು ನಿಜವಾದ ಮೂಳೆನಾ?" ಅಂತ ಎಷ್ಟು ಜನ ಕೇಳಿದರೋ ಲೆಕ್ಕ ಇಟ್ಟಿಲ್ಲ. ಅದನ್ನ ಎತ್ತಿ ಅವರ ಕೈಗೆ ಕೊಡುತ್ತೇನೆ, ಬಿಳಿ ಕಾಣುವ ಜಾಗ ಮೇಲೆ ಬರುವ ಹಾಗೆ.